ಕಂಪ್ಯೂಟರ್ ತಗಡಿನ ಮೇಲೆ ಬೆಂದ ಬನ್ನು

ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ಹಳೆಯ ಕಂಪ್ಯೂಟರ್ ಇರುವ ಮನೆಗಳ ಪಾಡು ಇದೇ. ಬೇಕರಿಯವನ ಮನೆಯಲ್ಲೂ ಹಾಗೇ ಆಗಿತ್ತು. ಮಹಡಿಯ ಮೇಲಿದ್ದ ಟೈಪಿಂಗ್ ಕ್ಲಾಸು ಮುಚ್ಚಿದಾಗ ಅಲ್ಲಿಯ ಮೇಷ್ಟ್ರು, "ಇಟ್ಕೊಳ್ಳಪ್ಪ, ಯಾವುದಕ್ಕಾದ್ರೂ ಬರುತ್ತೆ" ಎಂದು ಮೂರು ಕಂಪ್ಯೂಟರ್‌ಗಳನ್ನು ಕೊಟ್ಟು ಹೋಗಿದ್ದರು. ಅವು ಮೈದಾ ಮೂಟೆಗಳ ಪಕ್ಕದಲ್ಲಿ ಧೂಳು ಕುಡಿಯುತ್ತಾ ಕೂತಿದ್ದವು. ಮೂಟೆ ಸರಿಸುವಾಗಲೆಲ್ಲ ಹೆಂಡತಿಯ ಮೊಣಕಾಲಿಗೆ ತಗುಲುತ್ತಿದ್ದವು.

"ಇವೇನು ಮರಿ ಮಾಡ್ತಾವೆ ಅಂತ ಕಾವಿಗೆ ಕೂರ್ಸಿದ್ದೀರಾ?"

"ಇರ್ಲಿ ಬಿಡೇ. ಕಸ ಅಂತ ಯಾವುದೂ ಇಲ್ಲ. ನೋಡೋ ಕಣ್ಣಿರ್ಬೇಕು ಅಷ್ಟೆ."

ಆ ಕಣ್ಣು ಅವನಿಗಿದೆ ಎಂದು ಬೀದಿಯವರೂ ಹೊಗಳುತ್ತಿದ್ದರು. ಎಣ್ಣೆ ಡಬ್ಬ ಅವನ ಕೈಯಲ್ಲಿ ಹೂಕುಂಡವಾಗುತ್ತಿತ್ತು, ಮುರಿದ ಕುರ್ಚಿ ಏಣಿಯಾಗುತ್ತಿತ್ತು. ಒಂದು ದಿನ ಆ ಕಣ್ಣು ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡಿನ ಮೇಲೆ ಬಿತ್ತು. ಬಿಚ್ಚಿ, ಒಲೆಯ ಬಾಯಿಗೆ ಹಿಡಿದು ನೋಡಿದ. ಹೇಳಿ ಮಾಡಿಸಿದ ಅಳತೆ. ಸೋಪು ಹಾಕಿ ಉಜ್ಜಿ, ಎಣ್ಣೆ ಸವರಿ, ಹಿಟ್ಟಿನ ಉಂಡೆಗಳನ್ನು ಜೋಡಿಸಿ ಒಳಕ್ಕೆ ತಳ್ಳಿದ. ಬನ್ನುಗಳು ಉಬ್ಬಿ ಹೊಂಬಣ್ಣಕ್ಕೆ ಬಂದವು.

"ವಾಸನೆ ಏನೋ ಬೇರೆ ಥರ ಇದೆ," ಎಂದಳು ಹೆಂಡತಿ.

"ಹೊಸ ತಟ್ಟೆ ಅಲ್ವ, ಪಳಗ್ಬೇಕು."

ಆ ದಿನದ ಬನ್ನು ಬೀದಿಗೆಲ್ಲ ಹೋಯಿತು. ಮರುದಿನ ಬೆಳಿಗ್ಗೆ ಅದೇ ತಟ್ಟೆಯಲ್ಲಿ ಬೇಯಿಸಿ, ಬುಟ್ಟಿ ತುಂಬಿಸಿ, ಶಿಶುವಿಹಾರದ ಮಕ್ಕಳಿಗೂ ಕಳಿಸಿದ.

ಬುಟ್ಟಿ ಹೋದ ಸ್ವಲ್ಪ ಹೊತ್ತಿಗೆ ಅವನ ತಂಗಿ ಬಂದಳು. ಕಂಪ್ಯೂಟರ್ ರಿಪೇರಿಯೇ ಅವಳ ಕಸುಬು. ಗೋಡೆಗೆ ಒರಗಿಸಿದ್ದ ತಟ್ಟೆ ಕಂಡದ್ದೇ ಚಹಾದ ಲೋಟ ಕೆಳಗಿಟ್ಟಳು.

"ಅಣ್ಣ, ಈ ತಟ್ಟೆಗೆ ಸ್ಕ್ರೂ ತೂತು ಯಾಕಿದೆ?"

"ಗಾಳಿಯಾಡ್ಲಿ ಅಂತ," ಎಂದು ನಕ್ಕ. "ಕಂಪ್ಯೂಟರ್‌ನಿಂದ ನೀನೊಬ್ಬಳೇ ಹೊಟ್ಟೆ ಹೊರ್ಕೋಬೇಕಾ?"

"ಇದು ಅಡುಗೆ ತಗಡಲ್ಲ. ತುಕ್ಕು ಹಿಡೀಬಾರ್ದು ಅಂತ ಸತುವಿನ ಲೇಪ ಕೊಟ್ಟಿರ್ತಾರೆ, ಮೇಲೆ ಬಣ್ಣ. ತಿನ್ನೋ ಪದಾರ್ಥಕ್ಕೆ ತಾಗ್ಲಿ ಅಂತ ಮಾಡಿದ್ದಲ್ಲ. ಬೆಂಕಿಗಂತೂ ಅಲ್ವೇ ಅಲ್ಲ."

"ತೊಳ್ದಿದ್ದೀನಿ ಕಣೇ. ಅಮ್ಮ ನಮ್ಮ ಬೆನ್ನನ್ನೂ ಅಷ್ಟು ಉಜ್ಜಿರ್ಲಿಲ್ಲ."

ತಂಗಿ ತಟ್ಟೆಯನ್ನು ಬಾಗಿಲ ಬೆಳಕಿಗೆ ತಂದಳು. ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಬನ್ನು ಕೂತಿದ್ದ ಕಡೆ ದುಂಡುದುಂಡಗೆ ಬರಿಯ ತಗಡು ಕಾಣುತ್ತಿತ್ತು.

"ಇಲ್ಲಿದ್ದ ಬಣ್ಣ ಎಲ್ಲಿಗೆ ಹೋಯ್ತು ಅಣ್ಣ?"

ಅವನು ಗಾಜಿನ ಕಪಾಟಿನಿಂದ ಒಂದು ಬನ್ನು ತೆಗೆದು ತಿರುಗಿಸಿದ. ತಳದಲ್ಲಿ ಬೂದು ಚೂರುಗಳು ಅಂಟಿದ್ದವು. ಉಬ್ಬಿದ ನೆತ್ತಿ ನೋಡಿಯೇ ಹಿಗ್ಗಿದ್ದವನು ತಳ ನೋಡಿರಲಿಲ್ಲ.

"ನಿನ್ನೆ ಬೀದಿಗೆಲ್ಲ ಹೋಯ್ತು, ಈಗ ಮಕ್ಕಳ ಬುಟ್ಟಿ," ಎಂದಳು ಹೆಂಡತಿ, ಬಾಯಿಗೆ ಸೆರಗು ಹಿಡಿದು. "ಬೇಗ ಹೋಗಿ. ಹಿಟ್ಟು ಹುಳಿ ಬಂದಿದೆ ಅಂತ ಹೇಳಿ ತಂದ್ಬಿಡಿ. ಮಾನ ಉಳಿಯುತ್ತೆ."

ಅವನಿಗೂ ಆ ಮಾತು ಹಿತವಾಗಿತ್ತು.

"ಹಾಗಂದ್ರೆ ನಿನ್ನೆ ತಿಂದವರಿಗೆ ಹೇಳೋರು ಯಾರು ಅತ್ತಿಗೆ?" ಎಂದಳು ತಂಗಿ. "ಒಂದು ಸಲಕ್ಕೆ ದೊಡ್ಡದೇನೂ ಆಗ್ಲಿಕ್ಕಿಲ್ಲ. ಆದ್ರೂ ಯಾರಿಗಾದ್ರೂ ಹೊಟ್ಟೆ ಕೆಟ್ರೆ ಡಾಕ್ಟರಿಗೆ ಕಾರಣ ಗೊತ್ತಿರ್ಬೇಕಲ್ಲ."

ಅವನು ಹಿಟ್ಟಿನ ಕೈಯಲ್ಲೇ ಓಡಿದ. ಮಕ್ಕಳು ಕೈ ತೊಳೆದು ಚಾಪೆಯ ಮೇಲೆ ಕೂತು, ತಿನ್ನುವ ಮುಂಚೆ ಹೇಳುವ ಪದ್ಯ ಹೇಳುತ್ತಿದ್ದರು. ಪದ್ಯ ಉದ್ದವಿತ್ತು, ದೇವರು ದೊಡ್ಡವನು. ಒಂದು ಮಗು ಮಾತ್ರ ಕದ್ದು ಬಾಯಿಗಿಡುತ್ತಿತ್ತು. ಅವನು ಅದರ ಕೈಯಿಂದಲೇ ಬನ್ನು ಕಿತ್ತುಕೊಂಡ.

"ಮಾಮ, ಅದು ನಂದು."

"ಏನಾಯ್ತು?" ಎಂದರು ಟೀಚರ್. "ಹುಳಿ ಬಂದಿದ್ಯಾ?"

ಸುಳ್ಳನ್ನು ಅವರೇ ಕೈಗೆ ಇಟ್ಟಂತಾಯಿತು. ಹೂಂ ಎಂದರೆ ಮುಗಿಯಿತು. ಅವನು ಕೈಯಲ್ಲಿದ್ದ ಬನ್ನಿನ ತಳ ತಿರುಗಿಸಿ ತೋರಿಸಿದ.

"ಇಲ್ಲ ಟೀಚರ್. ಹಳೇ ಕಂಪ್ಯೂಟರ್ ತಗಡಿನ ಮೇಲೆ ಬೇಯಿಸ್ದೆ. ಬಣ್ಣ ಬಿಟ್ಟಿದೆ."

ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನ ಕಾಲು ತಬ್ಬಲು ಬಂದ ಮಗುವನ್ನು ಮೆಲ್ಲಗೆ ತಮ್ಮ ಹಿಂದಕ್ಕೆ ಎಳೆದುಕೊಂಡರು.

ಆಮೇಲೆ ಬೀದಿಯ ಒಂದೊಂದೇ ಬಾಗಿಲು ತಟ್ಟಿದ. ಕೆಲವರು ಮುಖ ತಿರುಗಿಸಿದರು. ಮೂಲೆಮನೆಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ನನ್ನ ಹೊಟ್ಟೇಲಿ ಕಂಪ್ಯೂಟರ್ ಇಟ್ಯಾ ಪುಣ್ಯಾತ್ಮ? ಇನ್ನು ನಂಗೆ ಮರೆವಿಲ್ಲ ಬಿಡು. ಇದನ್ನೂ ಮರೆಯಲ್ಲ" ಎಂದಳು. ಅಕ್ಕಪಕ್ಕದವರು ನಕ್ಕರು. ಅವನಿಗೆ ನಗಲಾಗಲಿಲ್ಲ.

ಮನೆಗೆ ಬಂದವನೇ ಮೂರೂ ಪೆಟ್ಟಿಗೆಗಳನ್ನು ಹಿತ್ತಿಲಿಗೆ ಎಳೆಯತೊಡಗಿದ. "ಇವನ್ನೆಲ್ಲ ಸುಟ್ಟುಬಿಡ್ತೀನಿ."

"ಸುಟ್ರೆ ಆ ಹೊಗೆ ಇನ್ನೂ ಕೆಟ್ಟದ್ದು," ಎಂದಳು ತಂಗಿ. "ನಿನ್ನ ಕಣ್ಣು ಒಳ್ಳೇದೇ ಅಣ್ಣ. ಕೇಳೋ ಅಭ್ಯಾಸ ಇಲ್ಲ ಅಷ್ಟೆ. ಕೂತ್ಕೋ."

ಮೂರರ ಮೆಮೊರಿಯನ್ನೂ ಒಂದಕ್ಕೇ ಸೇರಿಸಿ, ಹಳೆಯ ಯಂತ್ರಕ್ಕೆ ಹಗುರಾಗುವ ಉಚಿತ ಸಾಫ್ಟ್‌ವೇರ್ ಹಾಕಿದಳು. ಅದಕ್ಕೂ ಮೊದಲು ಡಿಸ್ಕ್‌ಗಳಲ್ಲಿದ್ದದ್ದು ಮತ್ತೆ ಸಿಗದಂತೆ, ಅದಕ್ಕೆಂದೇ ಇರುವ ಪ್ರೋಗ್ರಾಂನಿಂದ ಪೂರ್ತಿ ಒರೆಸಿದಳು. ಮೇಷ್ಟ್ರ ವಿದ್ಯಾರ್ಥಿಗಳ ಫೋಟೋಗಳೆಲ್ಲ ಅವುಗಳಲ್ಲಿದ್ದವು. ಬರಿಯ ಡಿಲೀಟ್ ಒತ್ತಿದರೆ ಅವು ಹೋಗುವುದಿಲ್ಲ, ಬಲ್ಲವರು ಮತ್ತೆ ಹೊರತೆಗೆಯಬಹುದು ಎಂದು ತೋರಿಸಿದಳು. ಉಳಿದ ಡಿಸ್ಕ್‌ಗಳಲ್ಲಿ ಒಂದಕ್ಕೆ ಪುಟ್ಟ ಪೆಟ್ಟಿಗೆ ತೊಡಿಸಿ, "ನಿಮ್ಮ ಮದುವೆ ಫೋಟೋ ಇಟ್ಕೊಳ್ಳಿ ಅತ್ತಿಗೆ" ಎಂದು ಕೊಟ್ಟಳು. ಕಂಪ್ಯೂಟರ್ ಒಳಗಿದ್ದ ಪುಟ್ಟ ಫ್ಯಾನು, ಅದಕ್ಕೆ ಹೊಂದುವ ಅಡಾಪ್ಟರಿನ ಜೊತೆ, ಮೂಟೆಕೋಣೆಯ ಕಿಟಕಿಗೆ ಹೋಯಿತು. ತಗಡುಗಳ ಅಂಚು ಅರದಿಂದ ಉಜ್ಜಿದ ಮೇಲೆ ಚಪ್ಪಲಿ ಇಡುವ ಗೂಡಾಯಿತು. ಕರೆಂಟು ಹಂಚುವ ಪವರ್ ಸಪ್ಲೈ ಪೆಟ್ಟಿಗೆಗೆ ಅವನು ಸ್ಕ್ರೂಡ್ರೈವರ್ ಹಿಡಿದಾಗ ಮಾತ್ರ ಕೈ ತಡೆದಳು.

"ಪ್ಲಗ್ ಕಿತ್ತ ಮೇಲೂ ಇದರೊಳಗೆ ಕರೆಂಟ್ ಕೂತಿರುತ್ತೆ. ಇದನ್ನ, ಹಳೇ ಮಾನಿಟರ್‌ನ ಪಿಕ್ಚರ್ ಟ್ಯೂಬನ್ನ ಬಿಚ್ಚಲೂಬಾರ್ದು, ಒಡೆಯಲೂಬಾರ್ದು. ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡ್ಬೇಕು."

ಕೆಲವು ದಿನ ಬಿಟ್ಟು ಟೀಚರ್ ಬೇಕರಿಗೆ ಬಂದರು. ಯಾರಿಗೂ ಏನೂ ಆಗಿರಲಿಲ್ಲ. ಅವರು ಒಂದೊಂದೇ ತಟ್ಟೆ ಎತ್ತಿ, ತಿರುಗಿಸಿ ನೋಡಿದರು. ತಂಗಿ ಜೋಡಿಸಿದ ಕಂಪ್ಯೂಟರ್ ಶಿಶುವಿಹಾರದ ಮಕ್ಕಳಿಗೇ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೆಂಡತಿಯೇ ಹೇಳಿದಳು.

"ಕಳಿಸಿ," ಎಂದರು ಟೀಚರ್. ಬಾಗಿಲ ತನಕ ಹೋಗಿ ತಿರುಗಿದರು. "ಬನ್ನೂ ಕಳಿಸಿ. ದಿನಾ ನಾನೇ ತಳ ನೋಡಿ ಕೊಡ್ತೀನಿ."

"ನೋಡಿ ಟೀಚರ್," ಎಂದ ಅವನು.

ಕೇಳುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇರಬಹುದು. ಅದಕ್ಕೆ ಇನ್ನೂ ಆಯುಸ್ಸಿದೆ, ಬಳಸಿ. ಆದರೆ ಅದರ ಯಾವ ಭಾಗವನ್ನೂ ಅಡುಗೆಮನೆಗೆ ತರಬೇಡಿ, ಬೆಂಕಿಗೆ ಹಾಕಬೇಡಿ. ಕೊಡುವ ಮುಂಚೆ ಡಿಸ್ಕ್ ಒರೆಸಿ. ಬಿಚ್ಚುವ ಮುಂಚೆ ಬಲ್ಲವರನ್ನು ಕೇಳಿ. ಕೇಳದೆ ಏನಾದರೂ ಮಾಡಿ ತಪ್ಪಾಗಿದ್ದರೆ ನಾಚಿಕೆಯಾಗುತ್ತದೆ, ಆಗಲಿ. ಆ ನಾಚಿಕೆಯನ್ನು ಹೊತ್ತುಕೊಂಡೇ ಪಕ್ಕದ ಮನೆಯ ಬಾಗಿಲು ತಟ್ಟಿ.