ನನ್ನ ಬೆನ್ನ ಮೇಲೆ ಕೊಟ್ರೇಶ

"ಎಳಿಯಲೇ ಹಾಲೇಶ, ಸುಕ್ಕು ಬಿದ್ದೈತಿ!"

ಎಳೆದರು. ನನ್ನ ನಾಲ್ಕು ಮೂಲೆಗಳಿಗೂ ಹಗ್ಗ ಬಿಗಿದು ಎರಡು ಬೊಂಬುಗಳ ನಡುವೆ ನಿಲ್ಲಿಸಿದರು. ಮುಖ ಹಿಂದಕ್ಕೆ, ಬೆನ್ನು ಜನರ ಕಡೆಗೆ. ಹುಟ್ಟಿದ ಮೇಲೆ ನನ್ನ ಬೆನ್ನು ಯಾರಿಗಾದರೂ ಬೇಕಾದದ್ದು ಇದೇ ಮೊದಲು.

ನಾನು ಒಂದು ಫ್ಲೆಕ್ಸ್. ದಾವಣಗೆರೆಯ ಒಂದು ಅಂಗಡಿಯಲ್ಲಿ, ಮಸಿಯ ಘಾಟಿನಲ್ಲಿ ಹುಟ್ಟಿದೆ. ಎದೆಯ ತುಂಬ ಪುಢಾರಿ ಮುರಿಗೆಪ್ಪನ ಮುಖ. ಅದರ ಮೇಲೆ 'ಯುವಕರ ಆಶಾಕಿರಣಕ್ಕೆ ಜನ್ಮದಿನದ ಶುಭಾಶಯಗಳು'. ಅವನ ಗದ್ದದ ಕೆಳಗೆ ಹುಡುಗರ ಸಣ್ಣ ಸಣ್ಣ ಮುಖಗಳು, ಎಲ್ಲರಿಗೂ ಕರಿ ಕನ್ನಡಕ. ಅವರಲ್ಲಿ ಕೊಟ್ರೇಶನೂ ಒಬ್ಬ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುತ್ತಿದ್ದ ಅವನ ಹತ್ತಿರ ಕನ್ನಡಕ ಎಲ್ಲಿತ್ತು? ಅಂಗಡಿಯವನೇ ಕಂಪ್ಯೂಟರಿನಲ್ಲಿ ತೊಡಿಸಿದ್ದ.

ನನ್ನನ್ನು ಕಟ್ಟಲು ಕರೆಂಟು ಕಂಬ ಹತ್ತಿದವನೂ ಅವನೇ.

"ಇನ್ನೂ ಮ್ಯಾಲೆ ಹೋಗಲೇ, ಸರ್ಕಲ್‌ವರೆಗೂ ಕಾಣ್ಬೇಕು" ಎಂದು ಕೆಳಗಿನಿಂದ ಕೂಗಿದ್ದು ಸ್ವತಃ ಮುರಿಗೆಪ್ಪ. ಕೊಟ್ರೇಶ ಹೋದ. ತಂತಿ ತಗುಲಿ ಕೆಳಗೆ ಬಿದ್ದ. ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮೊಣಕೈವರೆಗೆ ಕತ್ತರಿಸಿದರು.

"ಕುಡಿದು ಹತ್ತಿದ್ದ" ಎಂದ ಮುರಿಗೆಪ್ಪ. ಊರು ನಂಬಿತು. ವಯಸ್ಸಿನ ಹುಡುಗ ಬಿದ್ದ ಎಂದರೆ ಕುಡಿದೇ ಬಿದ್ದಿರಬೇಕು, ಅದಕ್ಕೆ ಸಾಕ್ಷಿ ಯಾಕೆ? ಅವನ ತಾಯಿಯೂ ನಂಬಿದಳು. ಕುಡುಕ ಎಂದು ಹೆಸರು ಬಿದ್ದವನಿಗೆ ಯಾರೂ ಕೆಲಸ ಕೊಡಲಿಲ್ಲ. ನನ್ನನ್ನು ಇಳಿಸಿ ಭಟ್ಟಿಯ ಹೊಟ್ಟಿನ ರಾಶಿಗೆ ಹೊದಿಸಿದರು. ಬಿಸಿಲು ನನ್ನನ್ನು ತೆಳುವಾಗಿಸಿತು. ನಾನು ಅಳಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ಎದೆಯ ಮೇಲೆ ಹೊತ್ತು ನಗುತ್ತಿದ್ದವನಿಗೆ ಅಳುವ ಹಕ್ಕೂ ಇರಲಿಲ್ಲ.

ಆಮೇಲೆ ರುಬೀನಾ ಬಂದಳು. ಮದುವೆ ವಿಡಿಯೋ ತೆಗೆಯುವವಳು. ಬಿಡುವಿದ್ದಾಗಲೆಲ್ಲ ಭಟ್ಟಿಯ ಹುಡುಗರ ಮುಂದೆ ಕ್ಯಾಮೆರಾ ಇಟ್ಟು ಕೂರುತ್ತಿದ್ದಳು. ಮೊದಮೊದಲು ಅವರು ಮೀಸೆ ತಿರುವಿ ತೋರಿಸಿದರು. "ನಾಯಕಿ ಯಾರಕ್ಕ?" ಎಂದು ಕಿಚಾಯಿಸಿದರು. ಬರಬರುತ್ತಾ ಮಾತು ಹೊರಬಂತು. ಶಾಲೆ ಬಿಟ್ಟದ್ದು. ಹೆಣ್ಣು ಸಿಗದ್ದು. ಅತ್ತರೆ 'ಗಂಡಸೇನಲೇ ನೀನು' ಎಂದು ಬೈಸಿಕೊಂಡದ್ದು. ಆ ಮಾತುಗಳನ್ನು ಓಣಿಗೆ ತೋರಿಸಲು ಇಂದು ಪರದೆ ಬೇಕಾಗಿತ್ತು. ನನ್ನ ಬೆನ್ನು ಬಿಳಿ.

ಹುಡುಗರು ಒಂದು ತಪ್ಪು ಮಾಡಿದ್ದರು. ಫ್ಲೆಕ್ಸ್ ಕಟ್ಟುವ ಹುಡುಗರು ಬೀದಿದೀಪ ಹುಡುಕಿ ಕಟ್ಟುತ್ತಾರೆ, ಅಣ್ಣನ ಮುಖ ಇರುಳಿನಲ್ಲೂ ಹೊಳೆಯಬೇಕಲ್ಲ. ಕೈಗೆ ಅದೇ ರೂಢಿ. ಈಗಲೂ ದೀಪಕ್ಕೆ ಮುಖ ಮಾಡಿಸಿಯೇ ನನ್ನನ್ನು ಕಟ್ಟಿದ್ದರು. ಮುಸ್ಸಂಜೆ ದೀಪ ಹೊತ್ತಿತು. ರುಬೀನಾಳ ಪ್ರೊಜೆಕ್ಟರಿನ ಬೆಳಕಿನಲ್ಲಿ ನನ್ನ ಬೆನ್ನ ಮೇಲೆ ಕೊಟ್ರೇಶ ಮಾತಾಡುತ್ತಿದ್ದ. ಭಟ್ಟಿಯ ಕತ್ತಲಲ್ಲಿ ತೆಗೆದ ಚಿತ್ರ. ಬೀದಿದೀಪದ ಬೆಳಕು ನನ್ನ ತೆಳು ಮೈಯನ್ನು ದಾಟಿದ್ದೇ, ಆ ಕತ್ತಲಿನಲ್ಲಿ, ಅವನ ಹಿಂದೆ, ಮುರಿಗೆಪ್ಪನ ಮುಖ ಮೂಡಿತು. ಅಕ್ಷರಗಳೆಲ್ಲ ತಿರುಗುಮುರುಗು.

"ನಾನು ಕುಡಿದಿರ್ಲಿಲ್ಲ" ಎಂದ ಚಿತ್ರದ ಕೊಟ್ರೇಶ. "ಮ್ಯಾಲೆ ಹೋಗು ಅಂದೋನು ಮುರಿಗೆಪ್ಪಣ್ಣನೇ."

"ಅಯ್ಯೋ, ಹಿಂದೇನೇ ನಿಂತಾನಲ್ಲೇ!" ಎಂದಳು ಒಬ್ಬ ಮುದುಕಿ. ಓಣಿ ಗೊಳ್ಳೆಂದು ನಕ್ಕಿತು. ಮರುಕ್ಷಣ ನಗು ನಿಂತಿತು. ಕೊಟ್ರೇಶನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ದೀಪ ಆರಿಸ್ಲೇನಕ್ಕ?" ಎಂದ ಹಾಲೇಶ.

"ಇರ್ಲಿ ಬಿಡು" ಎಂದಳು ರುಬೀನಾ.

ಹರಿದರೂ ಸರಿ, ಈ ಬೆನ್ನನ್ನು ಇನ್ನು ತಿರುಗಿಸಲಾರೆ. ಹುಟ್ಟಿನಲ್ಲಿ ನನ್ನ ಮೇಲೆ ಏನು ಅಚ್ಚಾಗಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಮುಪ್ಪಿನಲ್ಲಿ ಯಾರ ಮಾತು ಹೊರಬೇಕೆಂಬುದು ನನಗೆ ಗೊತ್ತು.

ಯಾರೋ ಸುದ್ದಿ ಮುಟ್ಟಿಸಿರಬೇಕು. ಮುರಿಗೆಪ್ಪ ಬಂದೇಬಿಟ್ಟ. ನೆಲದ ಮೇಲೆ ಕುಳಿತಿದ್ದ ಕೊಟ್ರೇಶನ ಹೆಗಲ ಮೇಲೆ ಕೈಯಿಟ್ಟ. ಅವನ ನೆರಳು ನನ್ನ ಮೇಲೆ ಬಿತ್ತು.

"ತಮ್ಮಾ, ನಮ್ಮ ಗೋದಾಮಿನ್ಯಾಗ ವಾಚ್‌ಮನ್ ಕೆಲಸ ಐತಿ. ಕುಂತು ಮಾಡೋದು. ನಾಳೆನೇ ಬಾ. ಈಗ ಎದ್ದು, ಅವತ್ತಿಂದು ಸರಿಯಾಗಿ ನೆನಪಿಲ್ಲ ಅಂತ ಒಂದು ಮಾತು ಹೇಳಿಬಿಡು."

ಕೆಲಸ. ಕೊಟ್ರೇಶ ಅದಕ್ಕಾಗಿ ಯಾವ ಬಾಗಿಲು ತಟ್ಟಿರಲಿಲ್ಲ? ತಾಯಿ ಅವನನ್ನೇ ನೋಡುತ್ತಿದ್ದಳು.

"ಬ್ಯಾಡಣ್ಣ."

"ಯೋಚನೆ ಮಾಡಲೇ."

"ಬ್ಯಾಡ ಅಂದ್ನಲ್ಲ. ಕುಂತ್ಕೋ, ಇಲ್ಲ ಪಕ್ಕಕ್ಕೆ ಸರಿ. ಹಿಂದಿನೋರಿಗೆ ಕಾಣಂಗಿಲ್ಲ."