ಕಣ್ಣು ಬಿಡದ ಬಿಳಿ ಮರಿ

ಗಿನಿಪಿಗ್ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಮೈತುಂಬ ಕೂದಲು, ಬಾಯಲ್ಲಿ ಹಲ್ಲು. ನನ್ನ ಹೊಲಿಗೆ ಯಂತ್ರದ ಪಕ್ಕದ ಗೂಡಿನಲ್ಲಿ ಆ ಬೆಳಿಗ್ಗೆ ಹುಟ್ಟಿದ ನಾಲ್ಕರಲ್ಲಿ ಮೂರು ಹಾಗೇ ಇದ್ದವು. ನಾಲ್ಕನೆಯದು ಅಚ್ಚ ಬಿಳಿ. ಕಣ್ಣಿನ ಜಾಗದಲ್ಲಿ ಎರಡು ಗೀರು. ಬಾಯಿ ಬಿಡಿಸಿ ನೋಡಿದರೆ ಹಲ್ಲು ಒಳಕ್ಕೆ ಸೊಟ್ಟಗಾಗಿದ್ದವು.

ನನ್ನ ಮೈ ಉರಿದುಹೋಯಿತು. ಇಂಥ ಮರಿ ಹುಟ್ಟುವ ದಾರಿ ಗಿನಿಪಿಗ್ ಸಾಕುವ ನಮಗೆಲ್ಲ ಗೊತ್ತು. ಕಪ್ಪು ಮೈಗೆ ಬೂದಿ ಎರಚಿದ ಹಾಗೆ ಬಿಳಿ ಕೂದಲು ಬೆರೆತದ್ದನ್ನು ರೋನ್ ಅನ್ನುತ್ತೇವೆ. ನೋಡಲು ಬಲು ಚೆಂದ. ಆದರೆ ರೋನಿಗೆ ರೋನನ್ನು ಕೂಡಿಸಬಾರದು. ಕೂಡಿಸಿದರೆ ನಾಲ್ಕಕ್ಕೊಂದು ಮರಿ ಹೀಗೆ ಕುರುಡಾಗಿ ಹುಟ್ಟುತ್ತದೆ. ಅದಕ್ಕೇ ನನ್ನ ರೋನ್ ಗಂಡಿಗೆ ಅಣ್ಣನ ಅಚ್ಚ ಕಪ್ಪು ಹೆಣ್ಣನ್ನು ಕೇಳಿ ತಂದಿದ್ದೆ. ನಮ್ಮ ಕ್ಲಬ್ಬಿನ ಪ್ರದರ್ಶನದಲ್ಲಿ ಎರಡು ಸಲ ಕಪ್ ಗೆದ್ದ ಹೆಣ್ಣು.

ಆ ಹೆಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಿವಿಯ ಹಿಂದೆ, ತೊಡೆಯ ಪಕ್ಕ, ಅಲ್ಲೊಂದು ಇಲ್ಲೊಂದು ಹೊಸದಾಗಿ ಮೊಳೆತ ಬಿಳಿ ಕೂದಲು. ಅಣ್ಣನ ಮಾತು ನಂಬಿ ನಾನು ಹುಡುಕಿಯೇ ಇರಲಿಲ್ಲ.

ಅಣ್ಣ ಗಡಿಯಾರ ರಿಪೇರಿಯವನು. ಕಣ್ಣಿಗೆ ಮಸೂರ ಸಿಕ್ಕಿಸಿ, ಚಿಮಟ ಹಿಡಿದು ಕೂತಿದ್ದ. ಮರಿಯನ್ನು ಅವನ ಮೇಜಿನ ಮೇಲಿಟ್ಟೆ.

"ಯಾವಾಗಿಂದ ಕೀಳ್ತಿದ್ದೀಯ ಆ ಹೆಣ್ಣಿನ ಬಿಳಿ ಕೂದಲು? ಇದೇ ಚಿಮಟದಲ್ಲಾ?"

"ಇಪ್ಪತ್ತೋ ಮೂವತ್ತೋ ಕೂದಲು. ಅಷ್ಟಕ್ಕೆ ರೋನ್ ಅಂತಾರೇನೇ?"

"ನಾನು ಅನ್ನೋದು ಬೇಡ, ಇದೇ ಅಂತಿದೆ ನೋಡು. ನನ್ನ ಗಂಡು ರೋನ್ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಕ್ಲಬ್ಬಿನವರೆಲ್ಲ ಇದ್ದಾಗ ನೀನು ಹೆಣ್ಣು ಕೊಡು ಅಂತ ಕೇಳಿದೆ. ಅವರೆದುರು ಏನಂತ ಹೇಳ್ಲಿ?"

"ಹೆಣ್ಣಿಗೆ ಕಾಯಿಲೆ ಅನ್ನಬೇಕಿತ್ತು! ನಿನ್ನ ಹತ್ರ ಸುಳ್ಳಿಗೇನು ಬರವಾ?"

ಅವನು ಮಸೂರ ತೆಗೆದು ಮೇಜಿನ ಮೇಲಿಟ್ಟ.

"ಆ ಹೆಣ್ಣಿನ ತಂಗಿಯನ್ನೂ ಹೀಗೇ ಕೂದಲು ಕಿತ್ತೇ ನಮ್ಮ ಕ್ಲಬ್ಬಿನ ಪೋಸ್ಟ್‌ಮ್ಯಾನ್‌ಗೆ ಕೊಟ್ಟಿದ್ದೀಯ. ಅವನಿಗೆ ಹೇಳು, ರೋನಿಗೆ ಕೂಡಿಸಬೇಡ ಅಂತ. ಇವತ್ತೇ ಹೇಳು."

"ಹೇಳಿದ್ರೆ ನನ್ನ ಮರ್ಯಾದೆ? ನಿನ್ನ ಬಾಯಿ ಊರಿಗೇ ಗೊತ್ತು, ಸ್ವಲ್ಪ ಮುಚ್ಕೊಂಡಿರು."

ಮರಿ ಐದು ದಿನ ಇತ್ತು. ಇಂಕ್ ಫಿಲ್ಲರಿನಿಂದ ಹಾಲು ಹಾಕಿದರೆ ಬಾಯಿ ಆಡಿಸುತ್ತಿತ್ತು. ಆರನೆಯ ದಿನ ಆಡಿಸಲಿಲ್ಲ.

ಪೋಸ್ಟ್‌ಮ್ಯಾನ್‌ಗೆ ನಾನೇ ಹೇಳಿದೆ. ಅವನು ನಕ್ಕ. "ಏನಕ್ಕಾ, ಅಣ್ಣನ ಕಪ್ ನೋಡಿ ಹೊಟ್ಟೆಕಿಚ್ಚಾ?"

ಮುಂದಿನ ಪ್ರದರ್ಶನಕ್ಕೆ ಅಣ್ಣನಿಂದ ತಂದ ಆ ಹೆಣ್ಣನ್ನು ರೋನ್‌ಗಳ ಸಾಲಿನಲ್ಲಿಟ್ಟೆ. ಎಲ್ಲರೂ ಕಣ್ಣಾರೆ ನೋಡಲಿ ಎಂದು. ತೀರ್ಪುಗಾರ ಅದರ ಕೂದಲನ್ನು ಹಿಂದಕ್ಕೆ ಊದಿ ನೋಡಿದ.

"ಅಕ್ಕಾ, ರೋನ್ ಅನ್ನೋಕೆ ಈ ಬಿಳಿ ಸಾಲದು," ಎಂದವನು ದನಿ ತಗ್ಗಿಸಿದ. "ಒಂದು ಗಂಟೆ ಕೂತು ಕಿತ್ತುಬಿಡಿ. ಒಳ್ಳೇ ಕಪ್ಪು ಇದು."

"ಕಿತ್ತು, ಆಮೇಲೆ ಯಾವ ಗಂಡಿಗೆ ಕೊಡ್ಲಿ?"

ಅವನು ಆಗಲೇ ಪಕ್ಕದ ಗೂಡಿಗೆ ಹೋಗಿದ್ದ. ಕಪ್ಪುಗಳ ಸಾಲಿನಲ್ಲಿ ಅಣ್ಣ ತೊಡೆಯ ಮೇಲೆ ಟವಲ್ ಹಾಸಿ, ಚಿಮಟ ಹಿಡಿದು ಹೊಸ ಹೆಣ್ಣೊಂದರ ಮೈಮೇಲೆ ಬಗ್ಗಿದ್ದ.

ಪೋಸ್ಟ್‌ಮ್ಯಾನ್ ನನ್ನ ಹತ್ತಿರ ಬಂದ. "ಅಕ್ಕಾ, ಜಗಳ ಬಿಡಿ. ನಿಮ್ಮಣ್ಣ ಕೊಟ್ಟ ಕಪ್ಪು ಹೆಣ್ಣಿಗೆ ನಿಮ್ಮ ರೋನ್ ಗಂಡು ಎರಡು ವಾರ ಸಿಗುತ್ತಾ?"

ಅದು ನಾನು ಸಾಕಿದವುಗಳಲ್ಲೇ ಚೆಂದದ ಗಂಡು.

"ಅದಕ್ಕೆ ಕಾಯಿಲೆ," ಎಂದೆ. "ಮುಟ್ಟಿದ್ದಕ್ಕೆಲ್ಲ ಅಂಟುತ್ತೆ."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಭಾಂಗಣದ ತುಂಬ ಹಬ್ಬಿತ್ತು. ಅಕ್ಕಪಕ್ಕದವರು ತಮ್ಮ ಗೂಡುಗಳನ್ನು ನನ್ನಿಂದ ದೂರ ಸರಿಸಿಕೊಂಡರು. ಇದನ್ನು ಮಾತ್ರ ಎಲ್ಲರೂ ನಂಬಿದರು.