ಬೆಟ್ಟದ ಮೇಲೆ ಉಂಡ ಊಟ

ಹೊಸ ಅಗ್ರಹಾರದ ಕಡೆ ಹೆಣ್ಣು ಗಂಡು ನೋಡುವ ಶಾಸ್ತ್ರದಲ್ಲಿ ಬಾಯಿಮಾತಿಗೆ ಅಷ್ಟೇನೂ ಬೆಲೆಯಿಲ್ಲ. ‘ಯೋಚನೆ ಮಾಡಿ ತಿಳಿಸ್ತೀವಿ’ ಎಂದು ಎಲ್ಲರೂ ನಗುನಗುತ್ತಲೇ ಹೇಳುತ್ತಾರೆ, ಆಮೇಲೆ ಫೋನು ಎತ್ತುವುದಿಲ್ಲ. ನಿಜ ತಿಳಿಯಬೇಕಾದರೆ ಊಟದ ಹೊತ್ತಿಗೆ ಕಾಯಬೇಕು. ಕಾಫಿ ಕುಡಿದರೆ ಅದು ಮರ್ಯಾದೆ. ಉಪ್ಪಿಟ್ಟು ತಿಂದರೆ ಅದೂ ಮರ್ಯಾದೆಯೇ. ಎಲೆಯ ಮುಂದೆ ಕೂತು ಅನ್ನ ಕಲಸಿದರೆ ಮಾತ್ರ ಸಂಬಂಧ ಒಪ್ಪಿದ ಹಾಗೆ.

ಸುನಂದಮ್ಮ ಕಾರು ಹತ್ತುವಾಗಲೇ ಮಗನಿಗೆ ಇದನ್ನು ಇನ್ನೊಮ್ಮೆ ನೆನಪು ಮಾಡಿದಳು.

“ಅವರ ಬಾಯಿ ನೋಡ್ಕಂಡು ಕೂರ್ಬ್ಯಾಡ ಕಣ್ಲಾ. ನೀನು ಹಾಕಿಸೋ ಊಟಕ್ಕೆ ಕೂತ್ರಾ, ಹೆಣ್ಣು ಕೊಟ್ಟಂಗೆ. ಅಷ್ಟೇ ನೋಡು.”

ಕಾಂತರಾಜುವಿಗೆ ನಲವತ್ತು ಹತ್ತಿರ ಬರುತ್ತಿತ್ತು. ನಾಲೆ ನೀರಿನ ಗದ್ದೆ, ಆರ್‌ಸಿಸಿ ಮನೆ, ಒಂದು ಹಳೆಯ ಕಾರು, ಕುಡಿತವಿಲ್ಲ, ಇಸ್ಪೀಟಿಲ್ಲ. ಇಷ್ಟೆಲ್ಲ ಇದ್ದವನಿಗೆ ಇಲ್ಲದಿದ್ದುದು ಹೆಂಡತಿ ಒಬ್ಬಳೇ. ಹುಡುಗ ಏನು ಮಾಡ್ಕೊಂಡಿದಾನೆ ಅಂತ ಕೇಳುತ್ತಾರೆ, ಬೇಸಾಯ ಅನ್ನುತ್ತಿದ್ದ ಹಾಗೇ ಹೆಣ್ಣಿನ ಕಡೆಯವರ ಮುಖ ಬಾಡುತ್ತದೆ. ಆ ಹೆಣ್ಣಿನ ಅಪ್ಪನೂ ಬೇಸಾಯಗಾರನೇ, ಅದು ಬೇರೆ ಮಾತು. ಎರಡು ವರ್ಷದ ಹಿಂದೆ ಹೆಣ್ಣು ಸಿಗದ ರೈತ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಇವನೂ ನಾಚಿಕೆ ಬಿಟ್ಟು ಸೇರಿಕೊಂಡಿದ್ದ. ಕಾಲಿಗೆ ಬೊಬ್ಬೆ ಬಂದದ್ದೇ ಬಂತು. ಮಾದಪ್ಪನ ಹತ್ತಿರ ಅರ್ಜಿ ಹೆಚ್ಚಾಗಿದ್ದವೋ ಏನೋ, ಇವನ ಸರದಿ ಬರಲಿಲ್ಲ. ಇದೇ ಕೊನೆ, ಇನ್ನು ಯಾರ ಮನೆಯ ಜಗಲಿಯನ್ನೂ ಹತ್ತುವುದಿಲ್ಲ ಎಂದು ಅವನು ಅವ್ವನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಈ ಸಂಬಂಧ ತಂದವನು ಬ್ರೋಕರ್ ಚಾಮಯ್ಯ. ಹುಡುಗಿ ಹಂಪಾಪುರದವಳು, ಹೆಸರು ಅನುಶ್ರೀ, ಕಾನ್ವೆಂಟಿನಲ್ಲಿ ಟೀಚರು. ಬಂದವರ ಮುಂದೆಲ್ಲ ತಟ್ಟೆ ಹಿಡಿದು ನಿಲ್ಲಲಾರೆ ಎಂದು ಅವಳು ಮನೆಯಲ್ಲಿ ಹಟ ಹಿಡಿದಿದ್ದಳಂತೆ. ಹಾಗಾಗಿ ಅವಳ ಅಪ್ಪ ಚಲುವಯ್ಯನವರು, ಎಲ್ಲರೂ ಮೈಸೂರಿನಲ್ಲೇ ಸಿಗೋಣ, ಅರಮನೆ ನೋಡಿದ ಹಾಗೂ ಆಯಿತು, ಹುಡುಗ ಹುಡುಗಿ ಮಾತಾಡಿದ ಹಾಗೂ ಆಯಿತು ಎಂದಿದ್ದರು. ಕಾಂತರಾಜು ಹಿಂದಿನ ದಿನವೇ ಪೇಟೆಯ ಒಂದು ಒಳ್ಳೆಯ ಹೋಟೆಲಿಗೆ ಫೋನು ಮಾಡಿ, ಐದು ಜನಕ್ಕೆ ಬಾಳೆಲೆ ಊಟ, ಜೊತೆಗೆ ಒಬ್ಬಟ್ಟು ಎಂದು ಹೇಳಿಟ್ಟಿದ್ದ.

ಅರಮನೆಯ ಬಾಗಿಲಲ್ಲಿ ಕೈಮುಗಿಯುವುದು ಮುಗಿಯುವ ಮೊದಲೇ ಚಲುವಯ್ಯನವರು ಹೆಂಡತಿ, ಮಗಳು ಸೇರಿ ತಮ್ಮ ಮೂವರ ಟಿಕೆಟನ್ನು ತಾವೇ ತೆಗೆದುಕೊಂಡುಬಿಟ್ಟರು. “ಇರ್ಲಿ ಬುಡಿ, ನಿಮಗ್ಯಾಕೆ ತೊಂದ್ರೆ” ಎಂದರು. ಎಷ್ಟು ಸಂಕೋಚದ ಮನುಷ್ಯ ಎಂದು ಕಾಂತರಾಜು ಖುಷಿಪಟ್ಟ. ಖುಷಿಪಡಬೇಕೆಂದೇ ಬಂದವನು ಯಾವುದಕ್ಕೆ ತಾನೇ ಪಡುವುದಿಲ್ಲ!

ಒಳಗೆ ಕಲ್ಯಾಣಮಂಟಪದಲ್ಲಿ ಜನ ಕತ್ತೆತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡುತ್ತಿದ್ದರು. ದೊಡ್ಡವರು ಬೇಕೆಂದೇ ಒಂದು ಕಂಬದಷ್ಟು ಹಿಂದೆ ಉಳಿದರು. ಕಾಂತರಾಜು ಅಂಗಿಯ ಕಾಲರು ಸರಿಮಾಡಿಕೊಂಡ. ಏನಾದರೂ ಮಾತಾಡಬೇಕಲ್ಲ.

“ಇಲ್ಲೇಯಂತೆ ರಾಜರ ಮದುವೆ ಆಗ್ತಿದ್ದದ್ದು” ಎಂದ.

“ಹೂಂ, ಬೋರ್ಡಲ್ಲಿ ಹಾಕವ್ರೆ” ಎಂದಳು ಅನುಶ್ರೀ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು. “ನೀವು ಆ ಪಾದಯಾತ್ರೇಲಿ ಇದ್ರಿ ಅಲ್ವಾ? ವೀಡಿಯೊ ನಮ್ಮ ಸ್ಕೂಲ್ ಗ್ರೂಪಲ್ಲೂ ಬಂದಿತ್ತು.”

ಅವನಿಗೆ ನೆಲ ಬಿರಿದು ಒಳಗೆ ಎಳೆದುಕೊಂಡರೆ ಸಾಕೆನ್ನಿಸಿತು. ಆದರೆ ಅವಳು ನಗುತ್ತಿರಲಿಲ್ಲ.

“ತುಂಬಾ ಬಿಸ್ಲಿತ್ತಾ ಅವತ್ತು?” ಎಂದಳು.

“ಇತ್ತು” ಎಂದ. ಇಷ್ಟು ವರ್ಷದಲ್ಲಿ ಅದನ್ನು ಯಾವ ಹೆಣ್ಣುಮಗಳೂ ಅವನನ್ನು ಕೇಳಿರಲಿಲ್ಲ. ಆ ಒಂದು ಮಾತಿಗೆ ಕಾಂತರಾಜು ಅವಳಿಗೆ ಸೋತುಹೋದ. ಗದ್ದೆಯ ಬದುವಿನ ಮೇಲೆ ಅವಳು ಬುತ್ತಿ ಹೊತ್ತು ಬರುವುದು ಬೇಡ, ಸ್ಕೂಲಿಗೇ ಹೋಗಲಿ, ತಾನೇ ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂಬಲ್ಲಿಗೆ ನಿಂತ ನಿಲುವಿನಲ್ಲೇ ಅವನ ಮನಸ್ಸು ಹೋಗಿಬಂತು.

ಅರಮನೆಯಿಂದ ಹೊರಬಂದು ಕೋಟೆಯೊಳಗಿನ ದೇವಸ್ಥಾನಗಳನ್ನು ಸುತ್ತಿದರು. ಒಂದೊಂದು ಗುಡಿಯಲ್ಲೂ ಕಾಂತರಾಜು ಒಂದೇ ಬೇಡಿಕೆ ಇಟ್ಟ: ಇವರು ಊಟಕ್ಕೆ ಕೂರಲಿ. ಬೇರೆ ಏನನ್ನೂ ಕೇಳಲಿಲ್ಲ.

ಬಿಸಿಲು ನೆತ್ತಿಗೆ ಬಂತು. “ಹೋಟ್ಲಲ್ಲಿ ಹೇಳಿದೀನಿ, ಊಟ ಮುಗಿಸ್ಕಂಡೇ ಬೆಟ್ಟಕ್ಕೆ ಹೋಗಣ” ಎಂದ.

“ಅಯ್ಯೋ, ಬೆಳಿಗ್ಗೆ ರೊಟ್ಟಿ ತಿಂದದ್ದು ಇನ್ನೂ ಕರಗಿಲ್ಲ. ಮೊದ್ಲು ಅಮ್ಮನೋರ ದರ್ಶನ ಆಗ್ಲಿ” ಎಂದರು ಚಲುವಯ್ಯನವರು.

“ಅಂಗಾರೆ ಕಾರು ಹತ್ತಿ.”

“ನೀವಿಬ್ರೂ ಅದ್ರಲ್ಲಿ ಬನ್ನಿ. ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ, ನಾವು ಬಸ್ಸಲ್ಲೇ ಬತ್ತೀವಿ” ಎಂದವರೇ ಹೆಂಡತಿ ಮಗಳನ್ನು ಕರೆದುಕೊಂಡು ರಸ್ತೆ ದಾಟಿಬಿಟ್ಟರು.

ಕಾಂತರಾಜು ಬೆಟ್ಟದ ತಿರುವುಗಳಲ್ಲಿ ಆ ಬಸ್ಸಿನ ಹಿಂದೆಯೇ ಕಾರು ಓಡಿಸಿದ. ಸುನಂದಮ್ಮ ದಾರಿಯುದ್ದಕ್ಕೂ ಬಸ್ಸಿನ ಹಿಂಬದಿಯನ್ನೇ ನೋಡುತ್ತಿದ್ದಳು. ‘ಯಾಕವ್ವಾ’ ಎಂದರೆ ‘ಏನಿಲ್ಲ ಬುಡು’ ಎಂದಳು.

ದರ್ಶನ ಮುಗಿದದ್ದೇ ತಡ, ಅವನು ನಂಬಲಾಗದ್ದು ನಡೆಯಿತು. ಚಲುವಯ್ಯನವರು ತಾವಾಗಿಯೇ ಅವನ ಹೆಗಲ ಮೇಲೆ ಕೈಯಿಟ್ಟು, “ಬನ್ನಿ, ಎಲ್ಲಾರೂ ಊಟ ಮಾಡಣ” ಎಂದು ದೇವಸ್ಥಾನದ ದಾಸೋಹಕ್ಕೆ ಕರೆದುಕೊಂಡು ಹೋದರು!

ಪಂಕ್ತಿಯಲ್ಲಿ ಕೂತರು. ಅನುಶ್ರೀ ಅವನ ಎದುರು ಸಾಲಿನಲ್ಲಿ ಕೂತು ಅನ್ನ ಕಲಸಿದಳು, ಬಡಿಸುವವನನ್ನು ಕರೆದು ಇನ್ನೊಮ್ಮೆ ಸಾರು ಹಾಕಿಸಿಕೊಂಡಳು. ಅವಳ ಅಮ್ಮ ಪಾಯಸ ಚೆನ್ನಾಗಿದೆ ಎಂದರು. ಕಾಂತರಾಜುವಿನ ಕಣ್ಣು ತುಂಬಿ ಬಂತು. ಬಡಿಸುವವನಿಗೆ, “ಅಣ್ಣ, ಅವರಿಗೆ ಇನ್ನೊಂಚೂರು ಪಾಯಸ ಬುಡಣ್ಣ” ಎಂದು ಮನೆಯವನ ಹಾಗೆ ಹೇಳಿದ. ಅವ್ವ ಮಾತ್ರ ತಟ್ಟೆಯಲ್ಲಿ ಅನ್ನವನ್ನು ಅತ್ತ ಇತ್ತ ಮಾಡುತ್ತ ಒಂದು ತುತ್ತೂ ಎತ್ತದೆ ಕೂತಿದ್ದಳು. ಇಂಥ ಹೊತ್ತಿನಲ್ಲಿ ಈ ಮುದುಕಿಗೆ ಏನು ಬಂತು ಎಂದು ಅವನಿಗೆ ರೇಗಿತು.

ಕೈ ತೊಳೆದವನೇ ಮರೆಗೆ ಹೋಗಿ ಚಾಮಯ್ಯನಿಗೆ ಫೋನು ಹಚ್ಚಿದ.

“ಉಂಡ್ರು ಕಣಣ್ಣ! ಮೂರು ಜನಾನೂ ಕೂತ್ಕಂಡು ಉಂಡ್ರು!”

“ಹೌದಾ? ಎಲ್ಲಿ, ಹೋಟ್ಲಲ್ಲಾ?”

“ಇಲ್ಲ, ಬೆಟ್ಟದ ಮ್ಯಾಲೆ. ದಾಸೋಹದಲ್ಲಿ. ಅವರೇ ಕರ್ದ್ರು.”

ಚಾಮಯ್ಯ ದನಿ ತಗ್ಗಿಸಿದ.

“ಕಾಂತರಾಜು, ಅದು ಅಮ್ಮನೋರ ಊಟ ಕಣಪ್ಪ. ನಿನ್ನೂಟ ಅಲ್ಲ.”

ಅವನು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ನಿಂತ. ಟಿಕೆಟ್ಟು, ರೊಟ್ಟಿ, ಫ್ರೀ ಬಸ್ಸು, ಒಂದೊಂದೇ ನೆನಪಾಗಿ ಅರ್ಥವಾಗತೊಡಗಿತು. ಬೆಳಗಿನಿಂದ ಅವರು ಇವನ ಕೈಯ ನೀರನ್ನೂ ಮುಟ್ಟಿರಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಬಾರದೆಂದು ಪಾಪ ಎಷ್ಟು ಸುತ್ತಿದ್ದರು! ಬೈದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಹೊರಡುವಾಗ ಚಲುವಯ್ಯನವರು ಸುನಂದಮ್ಮನಿಗೆ ಕೈಮುಗಿದರು. “ಅರಮನೆ ಆಯ್ತು, ಕೋಟೆ ಆಯ್ತು, ಅಮ್ಮನೋರ ಪ್ರಸಾದಾನೂ ಆಯ್ತು. ಯಾರಿಗೂ ಯಾರ ಹಂಗೂ ಇಲ್ದಂಗೆ ದಿನ ಚೆನ್ನಾಗಿ ಕಳೀತು ತಾಯಿ. ಯೋಚನೆ ಮಾಡಿ ಚಾಮಯ್ಯಂಗೆ ತಿಳಿಸ್ತೀವಿ.”

“ಆಗ್ಲಿ ಕಣ್ರಪ್ಪಾ” ಎಂದಳು ಸುನಂದಮ್ಮ.

ಅನುಶ್ರೀ ಬಸ್ಸು ಹತ್ತುವ ಮುಂಚೆ ಇವನ ಕಡೆ ತಿರುಗಿ ಏನೋ ಹೇಳುವಂತೆ ನೋಡಿದಳು. ಹಿಂದಿದ್ದವರು ತಳ್ಳಿದರು, ಹತ್ತಿಬಿಟ್ಟಳು.

ಬೆಟ್ಟ ಇಳಿಯುವಾಗ ಕೆಳಗೆ ಊರೆಲ್ಲ ಕಾಣುತ್ತಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

“ನಿಂಗೆ ಮೊದಲೇ ಗೊತ್ತಾಯ್ತಾ ಅವ್ವಾ?”

“ಬಸ್ಸು ಹತ್ತಿದಾಗ್ಲೇ ಗೊತ್ತಾಯ್ತು.”

“ಮತ್ತ್ಯಾಕೆ ಪಂಕ್ತೀಲಿ ಉಣ್ಣದೆ ಕೂತಿದ್ದೆ?”

ಸುನಂದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕೆಳಗಿಳಿದ್ ಮ್ಯಾಲಾದ್ರೂ ಮನಸ್ಸು ಬದಲಾಯ್ಸಿ ಹೋಟ್ಲಿಗೆ ಬಂದಾರೇನೋ ಅಂತ. ಅವರ ಜೊತೆ ನಾನೂ ಉಣ್ಣಬೇಕಲ್ವಾ, ಅದಕ್ಕೇ ಹೊಟ್ಟೆ ಕಾಲಿ ಮಡಗಿದ್ದೆ ಕಣಪ್ಪ.”

ಅವನು ಕಾರನ್ನು ಪೇಟೆಯ ಕಡೆ ತಿರುಗಿಸಿದ. ಹೇಳಿಟ್ಟ ಊಟ, ಅವ್ವನಿಗೆ ಹಸಿವು. ಇನ್ನೇನು ಮಾಡಲಿಕ್ಕಾಗುತ್ತಿತ್ತು?

ಹೋಟೆಲಿನವರು ಐದು ಎಲೆ ಹಾಕಿ ಕಾಯುತ್ತಿದ್ದರು. ಕಾಂತರಾಜು ಒಂದರ ಮುಂದೆ ಕೂತ, ಸುನಂದಮ್ಮ ಪಕ್ಕದಲ್ಲಿ ಕೂತಳು. ಬಡಿಸುವವನು ಒಬ್ಬಟ್ಟಿನ ತಟ್ಟೆ ಹಿಡಿದು ಬಂದು, ಖಾಲಿ ಎಲೆಗಳನ್ನು ನೋಡಿ, “ಇನ್ನೂ ಮೂರು ಜನ ಬರ್ಬೇಕಾ ಅಮ್ಮ? ಕಾಯೋದಾ?” ಎಂದು ಕೇಳಿದ.

ಇಷ್ಟು ವರ್ಷ, ಮಗನಿಗೆ ಹೆಣ್ಣು ಕೊಡೋರು ಬತ್ತಾರಾ ಎಂದು ಯಾರು ಕೇಳಿದರೂ ‘ಬತ್ತಾರೆ, ಬರದೆ ಎಲ್ಲೋಯ್ತಾರೆ’ ಎನ್ನುತ್ತಿದ್ದವಳು ಸುನಂದಮ್ಮ. ಎಲೆಗೆ ನೀರು ಚಿಮುಕಿಸಿ ಕೈಯಲ್ಲಿ ಒರೆಸಿದಳು.

“ಯಾರೂ ಬರಾಕಿಲ್ಲ ಕಣಪ್ಪ. ಬಡಿಸು” ಎಂದಳು.